ಸರ್ವರ್ ಇಲ್ಲ, ನಾಳೆ ಬನ್ನಿ

ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. ಕರೂರು ಹೋಬಳಿಯ ತುಮರಿ ಸುತ್ತಿನವರಿಗೆ ತಾಲ್ಲೂಕು ಕಚೇರಿ ಹಿನ್ನೀರಿನ ಆಚೆ ದಡದ ಮಾತಾಯಿತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಸಾಗರಕ್ಕೆ ನೇರ ದಾರಿಯೆಂದರೆ ಲಾಂಚ್. ಒಂದು ಸಹಿಗೂ ಅದನ್ನೇ ಕಾಯಬೇಕಿತ್ತು.

ಕಚೇರಿಯೇ ಮೊಬೈಲಿಗೆ ಬಂದರೆ ಹೆಚ್ಚು ಲಾಭ ಇಂಥ ಊರಿಗೇ. ಕರ್ನಾಟಕವೇನೂ ಈ ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲೇ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮೊದಲು ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ವಶದಲ್ಲಿ. ಅವರು ಸಿಕ್ಕಾಗ, ಅವರ ಮರ್ಜಿ ಇದ್ದಾಗ ರೈತನ ಕೈಗೆ ಬರುತ್ತಿತ್ತು. ಆಮೇಲೆ 15 ರೂಪಾಯಿಗೆ ಕೌಂಟರಿನಲ್ಲೇ ಸಿಗತೊಡಗಿತು. 2012ರಲ್ಲಿ ಜಾರಿಯಾದ ‘ಸಕಾಲ’ ಅರ್ಜಿಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರವನ್ನೂ ಗೊತ್ತುಮಾಡಿತು.

ಸೇವೆಗಳು ಆನ್‌ಲೈನ್ ಆದ ವೇಗದಲ್ಲಿ ಹಿನ್ನೀರಿನ ಊರುಗಳಿಗೆ ಟವರ್ ಬರಲಿಲ್ಲ. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು 2023ರ ಜನವರಿಯಿಂದ ಆ್ಯಪ್‌ನಲ್ಲೇ, ದಿನಕ್ಕೆರಡು ಬಾರಿ ಫೋಟೊ ತೆಗೆದು ಹಾಕಬೇಕೆಂದು ಕಡ್ಡಾಯ ಮಾಡಿದರು. ಕಳ್ಳ ಹಾಜರಿ ತಡೆಯಲು ಹೂಡಿದ ಉಪಾಯವೇನೋ ಸರಿ. ಆದರೆ ಸಿಗ್ನಲ್ ಇಲ್ಲದ ಕಡೆ ಬೆವರು ಸುರಿಸಿದವರ ಹಾಜರಿಯೂ ತೊಡಕಿಗೆ ಸಿಲುಕುತ್ತದೆ. ಪಡಿತರ ಅಂಗಡಿಯಲ್ಲಿ ತಂಬ್ ಕೊಡುವುದಕ್ಕೂ ನೆಟ್‌ವರ್ಕ್ ಬೇಕು. ಹಿಂದೆ ‘ಸಾಹೇಬರಿಲ್ಲ, ನಾಳೆ ಬನ್ನಿ’ ಎನ್ನುತ್ತಿದ್ದರು. ಈಗ ಸಾಹೇಬರ ಜಾಗದಲ್ಲಿ ಸರ್ವರ್ ಕೂತಿದೆ. ಸಾಹೇಬರಾದರೆ ಎದುರಿಗೆ ನಿಂತು ಕೇಳಬಹುದಿತ್ತು.

ಹಾಗೆ ನೋಡಿದರೆ, ಸರ್ಕಾರವನ್ನು ಪ್ರಶ್ನೆ ಕೇಳುವ ಶಕ್ತಿಯೇ ಇಂಟರ್‌ನೆಟ್ಟಿನ ದೊಡ್ಡ ಕೊಡುಗೆ. ಗುರಿಯೇವ್, ಮೆಲ್ನಿಕೊವ್, ಝುರಾವ್‌ಸ್ಕಾಯಾ ಎಂಬ ಅರ್ಥಶಾಸ್ತ್ರಜ್ಞರು 116 ದೇಶಗಳ ಮಾಹಿತಿ ಜಾಲಾಡಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ಜಿ ಬಂದಲ್ಲಿ ಸರ್ಕಾರದ ಮೇಲಿನ ಜನರ ವಿಶ್ವಾಸ ಸರಾಸರಿಯಲ್ಲಿ ಇಳಿದಿತ್ತು. ಮುಚ್ಚಿಟ್ಟ ಭ್ರಷ್ಟಾಚಾರ ಜನರ ಕಣ್ಣಿಗೆ ಬಿದ್ದದ್ದು ಇದಕ್ಕೆ ಮುಖ್ಯ ಕಾರಣ. ಇಂಟರ್‌ನೆಟ್ಟಿಗೇ ಬೇಲಿ ಹಾಕಿದ ದೇಶಗಳಲ್ಲಿ ಈ ಪರಿಣಾಮ ಕಾಣಲಿಲ್ಲ.

ಅದೇ 2021ರಲ್ಲಿ ಸಾಗರ, ಹೊಸನಗರದ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಎದ್ದಿತು. ಸಿಗ್ನಲ್ಲಿಗಾಗಿ ಮತವನ್ನೇ ಪಣಕ್ಕಿಟ್ಟರು. ಆನ್‌ಲೈನ್ ತರಗತಿಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ ಅದು.

ಟವರ್ ಬಂದರೂ ಒಂದು ಮಾತು ಬಾಕಿ ಉಳಿಯುತ್ತದೆ. ಪಹಣಿಯನ್ನು ಈಗ ಮೊಬೈಲಿನಲ್ಲೇ ನೋಡಬಹುದು, ನಿಜ. ಆದರೆ ಎಷ್ಟೋ ಮುಳುಗಡೆ ಕುಟುಂಬಗಳ ಹೆಸರು ಆ ಪಹಣಿಯಲ್ಲೇ ಇಲ್ಲ. ಅವರು ಉಳುತ್ತಿರುವ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯ. ಅದನ್ನು ತಿದ್ದುವ ಕೆಲಸ ಬೆಂಗಳೂರು, ದೆಹಲಿಗಳದ್ದು. ಅಣೆಕಟ್ಟು ಕಟ್ಟಿ ಆರು ದಶಕ ಕಳೆದರೂ ಮುಗಿದಿಲ್ಲ.