‘ದಾಖಲೆ ಇಲ್ಲ’ ಎಂಬ ಉತ್ತರ: ಅರ್ಜಿದಾರರ ಗಮನಕ್ಕೆ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಅಥವಾ ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳಿಗಾಗಿ ಅಂತರ್ಜಾಲದಲ್ಲಿ ಹುಡುಕಿದಾಗ ‘ದಾಖಲೆ ಇಲ್ಲ’ ಎಂಬ ಉತ್ತರ ಬಂದಲ್ಲಿ, ಮೂಲ ದಾಖಲೆಯೇ ಇಲ್ಲವೆಂದು ಕೂಡಲೇ ಭಾವಿಸಬೇಕಾಗಿಲ್ಲ.

ಅರ್ಜಿದಾರರು ನಮೂದಿಸಿದ ವಿವರವನ್ನು ಪಿಎಚ್‌ಪಿಯಂತಹ ಸ್ಕ್ರಿಪ್ಟ್ ಭಾಷೆಯ ತಂತ್ರಾಂಶವು ಪ್ರಶ್ನೆಯ ರೂಪಕ್ಕೆ ತಂದು ದತ್ತಸಂಚಯಕ್ಕೆ ಕಳುಹಿಸುತ್ತದೆ. ಪ್ರಶ್ನೆ ಸರಿಯಾಗಿದ್ದು ಹೊಂದುವ ದಾಖಲೆ ಸಿಗದಿದ್ದರೆ ಶೂನ್ಯ ಫಲಿತಾಂಶ ಬರುತ್ತದೆ. ಉದಾಹರಣೆಗೆ, 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಮೂಡುಬಿದಿರೆಯು ಅದಕ್ಕೂ ಮುನ್ನ ಮಂಗಳೂರು ತಾಲ್ಲೂಕಿಗೆ ಸೇರಿತ್ತು. ತಾಲ್ಲೂಕಿನ ಆಯ್ಕೆ ತಪ್ಪಿದರೆ ಗ್ರಾಮವೇ ದೊರೆಯದು. ಪ್ರಶ್ನೆಯೇ ಕೆಟ್ಟಿದ್ದರೆ ದತ್ತಸಂಚಯವು ಏನನ್ನೂ ಹುಡುಕದೆ ದೋಷವನ್ನು ಮಾತ್ರ ತಿಳಿಸುತ್ತದೆ. ತಂತ್ರಾಂಶವು ಅದನ್ನು ಪರಿಶೀಲಿಸದೆ ಮುಂದುವರಿದರೆ ಎರಡಕ್ಕೂ ‘ದಾಖಲೆ ಇಲ್ಲ’ ಎಂಬ ಒಂದೇ ಉತ್ತರ ಪ್ರಕಟವಾಗುತ್ತದೆ.

ಈ ಭಾಗದಲ್ಲಿ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಮುಂತಾದ ಕುಟುಂಬನಾಮಗಳು ಸಾಮಾನ್ಯ. ಪ್ರಶ್ನೆಯೊಳಗೆ ಹೆಸರಿನ ಆರಂಭ ಮತ್ತು ಅಂತ್ಯವನ್ನು ಸೂಚಿಸುವುದೂ ಇದೇ ಅಪಾಸ್ಟ್ರಫಿ ಚಿಹ್ನೆ. ಹೆಸರನ್ನು ನೇರವಾಗಿ ಪ್ರಶ್ನೆಗೆ ಸೇರಿಸಿದಲ್ಲಿ, ‘ಡಿ’ ಅಕ್ಷರದ ನಂತರವೇ ಹೆಸರು ಮುಗಿಯಿತೆಂದು ದತ್ತಸಂಚಯವು ತಿಳಿಯುತ್ತದೆ. ಉಳಿದ ‘ಸೋಜ’ ಅದಕ್ಕೆ ಅರ್ಥವಾಗದ ಆದೇಶವಾಗುತ್ತದೆ. ಇದು ಅರ್ಜಿದಾರರ ತಪ್ಪಲ್ಲ. ಆದರೂ ಅನೇಕರು ಚಿಹ್ನೆಯನ್ನು ಬಿಟ್ಟು ಹೆಸರು ಬರೆದು ಅರ್ಜಿ ಮುಂದುವರಿಸುವುದುಂಟು. ಮುಂದೆ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಹೆಸರು ಇದ್ದು, ಪೌತಿ ಖಾತೆಯ ಸಮಯದಲ್ಲಿ ತೊಂದರೆಯಾಗಬಹುದು. ಕೆಲವು ಮೊಬೈಲ್‌ಗಳು ನೇರ ಚಿಹ್ನೆಯ ಬದಲು ಬಾಗಿದ ಚಿಹ್ನೆಯನ್ನು ಮೂಡಿಸುತ್ತವೆ. ಆಗ ಸಾಮಾನ್ಯವಾಗಿ ದೋಷ ಬರುವುದಿಲ್ಲ, ಆದರೆ ಹೆಸರು ಹೊಂದಿಕೆಯಾಗದೆ ಶೂನ್ಯ ಫಲಿತಾಂಶ ಬರಬಹುದು.

ಪ್ರಶ್ನೆಯ ಚೌಕಟ್ಟನ್ನೂ ಹೆಸರನ್ನೂ ಬೇರೆ ಬೇರೆಯಾಗಿ ಕಳುಹಿಸುವ ಪೂರ್ವಸಿದ್ಧ ಪ್ರಶ್ನೆಯ ಕ್ರಮವೇ ಇದಕ್ಕೆ ಸರಿಯಾದ ಪರಿಹಾರ. ಇದೇ ಲೋಪದ ಮೂಲಕ ದುರುದ್ದೇಶದವರು ತಮ್ಮ ಆದೇಶಗಳನ್ನು ತೂರಿಸುವುದೂ ಇದರಿಂದ ತಪ್ಪುತ್ತದೆ. 2004ರ ಪಿಎಚ್‌ಪಿ 5ರಲ್ಲಿ ಬಂದ ಮೈಎಸ್‌ಕ್ಯೂಎಲ್‌ಐ ವಿಸ್ತರಣೆಯಲ್ಲಿ ಈ ಸೌಲಭ್ಯವಿತ್ತು; ಅದಿಲ್ಲದ ಹಳೆಯ ಮೈಎಸ್‌ಕ್ಯೂಎಲ್ ವಿಸ್ತರಣೆಯನ್ನು 2015ರ ಪಿಎಚ್‌ಪಿ 7ರಲ್ಲಿ ತೆಗೆದುಹಾಕಲಾಯಿತು. 2021ರ ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐನಲ್ಲಿ ಪ್ರಶ್ನೆ ವಿಫಲವಾದರೆ, ವಿಶೇಷ ಸೂಚನೆ ಇಲ್ಲದಿದ್ದರೂ ತಂತ್ರಾಂಶವು ಅಲ್ಲಿಯೇ ತಡೆಯಲ್ಪಡುತ್ತದೆ. ದೋಷದ ಪೂರ್ಣ ವಿವರವು ಸರ್ವರ್‌ನ ದಾಖಲಾತಿಗೆ ಸೇರಬೇಕು. ಅರ್ಜಿದಾರರಿಗೆ ‘ತಾಂತ್ರಿಕ ದೋಷ’ ಎಂಬ ಸ್ಪಷ್ಟ ಸೂಚನೆ ಸಾಕು. ಕೋಷ್ಟಕಗಳ ಹೆಸರು ಪರದೆಯ ಮೇಲೆ ಕಾಣುವುದು ಅಪಾಯಕರ.

ಅರ್ಜಿದಾರರು ಹೆಸರನ್ನು ಮೂಲ ದಾಖಲೆಯಲ್ಲಿರುವಂತೆಯೇ ನಮೂದಿಸತಕ್ಕದ್ದು. ಪಹಣಿಯನ್ನು ಸರ್ವೆ ನಂಬರ್ ಹಾಗೂ ಹಿಸ್ಸಾ ನಂಬರಿನಿಂದ ಹುಡುಕಿದಲ್ಲಿ ಹೆಸರಿನ ತೊಡಕು ಎದುರಾಗದು. ಶುಲ್ಕ ಪಾವತಿಸಿದ ನಂತರ ದೋಷ ಕಂಡುಬಂದರೆ, ಮೊದಲ ಪಾವತಿಯ ಸ್ಥಿತಿ ತಿಳಿಯದೆ ಮತ್ತೊಮ್ಮೆ ಪಾವತಿಸಬಾರದು. ದಿನಾಂಕ, ಸಮಯ, ಸ್ವೀಕೃತಿ ಸಂಖ್ಯೆ ಮತ್ತು ಪರದೆಯಲ್ಲಿ ಕಂಡ ಪೂರ್ಣ ಸಂದೇಶವನ್ನು ಬರೆದುಕೊಂಡು, ಸಂಬಂಧಪಟ್ಟ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಲಿಖಿತವಾಗಿ ತಿಳಿಸಲು ಕೋರಲಾಗಿದೆ.