ಕವಣೆಕಲ್ಲು

ಕವಣೆಕಲ್ಲು ಎಂದರೆ ಕವಣೆಯ ಮಡಿಲಲ್ಲಿಟ್ಟು ಬೀಸಿ ಎಸೆಯುವ ದುಂಡನೆಯ ಕಲ್ಲು. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಂಥ ಬಯಲುನಾಡಿನ ಊರುಗಳಲ್ಲಿ, ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಅಟ್ಟಣೆಯೇರಿ ಗಿಳಿ, ಗುಬ್ಬಿಗಳನ್ನು ಎಬ್ಬಿಸಲು ಇದನ್ನು ಬಳಸುತ್ತ ಬಂದಿದ್ದಾರೆ.

ಕಲ್ಲಿನ ತೂಕವನ್ನು ಕೆಲಸಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ. ಬೀಸುವ ಬಲ ಒಂದೇ ಆಗಿದ್ದರೆ ಹಗುರವಾದ ಕಲ್ಲು ಹೆಚ್ಚು ವೇಗದಿಂದ ಹೊರಡುತ್ತದೆ. ಆದರೆ ಗಾಳಿಯ ತಡೆಗೆ ಬೇಗನೆ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಗುರಿಯನ್ನೂ ತಪ್ಪುತ್ತದೆ. ತೀರ ಹಗುರವಾದರೆ ಲಾಭವಿಲ್ಲ. ತೋಳು ತಿರುಗುವ ವೇಗಕ್ಕೇ ಒಂದು ಮಿತಿಯಿದೆ. ಭಾರದ ಕಲ್ಲು ನಿಧಾನವಾಗಿ ಹೊರಟರೂ ವೇಗವನ್ನು ಉಳಿಸಿಕೊಂಡು ಬಲವಾಗಿ ಬಡಿಯುತ್ತದೆ. ಹಕ್ಕಿಯನ್ನು ಕೊಲ್ಲುವುದಲ್ಲ, ಎಬ್ಬಿಸುವುದಷ್ಟೇ ಉದ್ದೇಶವಾದ್ದರಿಂದ ಹೊಲ ಕಾಯುವುದಕ್ಕೆ ಹಗುರವಾದುದೇ ಸಾಕು. ಭಾರದ ಕಲ್ಲು ಕಾಯಬೇಕಾದ ತೆನೆಯನ್ನೇ ಮುರಿಯಬಹುದು. ಆಳೆತ್ತರದ ಪೈರಿನ ಮರೆಯಲ್ಲಿರುವವರು ಅಟ್ಟಣೆಯ ಮೇಲಿದ್ದವರಿಗೂ ಕಾಣುವುದಿಲ್ಲ. ಅಂಥವರ ತಲೆ ಒಡೆಯಲು ಹಗುರವಾದ ಕಲ್ಲೂ ಸಾಲುತ್ತದೆ. ಕಲ್ಲುಗಳು ಒಂದೇ ತೂಕದವಾಗಿದ್ದರೆ ಕೈಗೆ ಅಂದಾಜು ಸಿಕ್ಕಿ ಗುರಿ ಹದಕ್ಕೆ ಬರುತ್ತದೆ.

ಕೋವಿಯ ಗುಂಡಿನ ಆಯ್ಕೆಯಲ್ಲೂ ಇದೇ ಲೆಕ್ಕಾಚಾರವಿದೆ. ವಿದೇಶಗಳಲ್ಲಿ ಬೆಳೆಗಳ್ಳ ಚಿಕ್ಕ ಪ್ರಾಣಿಗಳ ಬೇಟೆಗೆ .223 ರೆಮಿಂಗ್ಟನ್ ತೋಟಾವನ್ನು ಕೈಯಲ್ಲೇ ತುಂಬಿಕೊಳ್ಳುವವರು ಸಾಮಾನ್ಯವಾಗಿ 40ರಿಂದ 55 ಗ್ರೇನ್, ಅಂದರೆ ಸುಮಾರು 2.6ರಿಂದ 3.6 ಗ್ರಾಂ ತೂಕದ ಗುಂಡನ್ನು ಆರಿಸುತ್ತಾರೆ.