ಬಯಲುಸೀಮೆಯಲ್ಲೊಂದು ಕಡಲ ನಕ್ಷತ್ರ

ಚಳ್ಳಕೆರೆಯ ಮನೆಯೊಂದರಲ್ಲಿ ಸಮುದ್ರವನ್ನು ಸಾಕಿದೆನೆಂದರೆ ವಾಚಕರು ನಗದೆ ಇರಲಾರರು. ಹೊನ್ನಾವರದ ಕಡಲು ನಮ್ಮೂರಿಗೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿದೆ ಎಂಬುದೇನೋ ನಿಜ. ಆದರೆ ನಡುವೆ ಸಹ್ಯಾದ್ರಿಯೂ ಸೇರಿದಂತೆ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ನೆಲವಿದೆ. ಮಲೆನಾಡು ತನ್ನ ಪಾಲನ್ನು ಪಡೆದುಕೊಂಡ ಮೇಲೆ ಮಿಕ್ಕ ಮೋಡವಷ್ಟೇ ನಮ್ಮ ಕಡೆಗೆ ಬರುತ್ತದೆ. ಬಂದದ್ದೂ ಸುರಿಯುವುದಕ್ಕಿಂತ ಹಾದುಹೋಗುವುದೇ ಹೆಚ್ಚು. ರಾಜ್ಯದಲ್ಲಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳನ್ನು ಎಣಿಸುವಾಗ ಚಳ್ಳಕೆರೆ, ಮೊಳಕಾಲ್ಮೂರುಗಳನ್ನು ಯಾರೂ ಮರೆಯುವುದಿಲ್ಲ. ಇಂಥ ಊರಿನಲ್ಲಿ ಗಾಜಿನ ತೊಟ್ಟಿಯೊಂದಕ್ಕೆ ನೂರು ಲೀಟರು ಉಪ್ಪುನೀರು ತುಂಬಿ, ಅದರೊಳಗೊಂದು ನಕ್ಷತ್ರಮೀನನ್ನು ಬಿಟ್ಟು ನೋಡುತ್ತ ಕುಳಿತವನನ್ನು ನೆರೆಹೊರೆಯವರು ಏನೆಂದುಕೊಂಡಾರು? ಪಕ್ಕದ ಮನೆಯ ಯಜಮಾನರು, ಶೇಂಗಾ ಬೆಳೆಯುವ ಹಿರಿಯ ರೈತರು, ಬಾಗಿಲಲ್ಲೇ ನಿಂತು ಕೇಳಿದರು: “ಏನ್ ಮೇಷ್ಟ್ರೇ, ಇಲ್ಲಿ ಕುಡಿಯಾಕೇ ನೀರಿಲ್ಲ, ನೀವು ಉಪ್ಪುನೀರು ಸಾಕಾಕೆ ಹತ್ತೀರಲ್ಲ!”

ಕನ್ನಡ ಪಾಠ ಹೇಳುವವನಿಗೆ ಈ ಹುಚ್ಚು ತಾನಾಗಿ ಹಿಡಿದದ್ದಲ್ಲ. ಮಗಳು ಪಿ.ಯು. ತರಗತಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದ ವರ್ಷ, ಬೆಂಗಳೂರಿನ ಅಂಗಡಿಯೊಂದರಲ್ಲಿ ಅದನ್ನು ಕಂಡು ಬೇಕೆಂದು ಹಟ ಹಿಡಿದಳು. ನಸುಗಂದು ಮೈ, ಮೇಲೆ ಕಪ್ಪು ಮೊನೆಗಳು, ಐದು ತೋಳುಗಳು. ಸಾಕುವುದು ಬಹು ಸುಲಭವೆಂದು ಅಂಗಡಿಯಾತ ಹೇಳಿದ. ನಾನು ನಂಬಿದೆ.

ಹೆಸರಿನಲ್ಲಿ ಮೀನು ಇದ್ದರೂ ಅದು ಮೀನಲ್ಲ. ಅದಕ್ಕೆ ಬೆನ್ನೆಲುಬಿಲ್ಲ, ಕಿವಿರಿಲ್ಲ, ಮಿದುಳೂ ಇಲ್ಲ. ಕಡಲ ಸೌತೆ, ಕಡಲ ಮುಳ್ಳುಚೆಂಡುಗಳ ಜೊತೆಗೆ ಅದು ಕಂಟಕಚರ್ಮಿಗಳೆಂಬ ವಂಶಕ್ಕೆ ಸೇರಿದ್ದು. ಈ ವಂಶದ ಒಂದೇ ಒಂದು ಜೀವಿಯೂ ಸಿಹಿನೀರಿನಲ್ಲಿ ಬಾಳುವುದಿಲ್ಲ. ಅದರ ಕಾರಣವೇ ನನ್ನನ್ನು ಬೆರಗುಗೊಳಿಸಿದ್ದು. ನಮಗೆ ಮೈಯೊಳಗೆ ನಮ್ಮದೇ ರಕ್ತವಿದೆ. ಹೊರಗೆ ಬಿಸಿಲಿರಲಿ ಮಳೆಯಿರಲಿ, ಅದರ ಉಪ್ಪಿನ ಪ್ರಮಾಣವನ್ನು ದೇಹವೇ ಕಾಯ್ದುಕೊಳ್ಳುತ್ತದೆ. ನಕ್ಷತ್ರಮೀನಿಗೆ ಆ ಸ್ವಾತಂತ್ರ್ಯವಿಲ್ಲ. ಬೆನ್ನ ಮೇಲಿನ ಜರಡಿಯಂಥ ಒಂದು ಬಿಲ್ಲೆಯ ಮೂಲಕ ಕಡಲ ನೀರು ಅದರ ಒಳನಾಳಗಳಿಗೆ ಇಳಿಯುತ್ತದೆ. ಆ ನಾಳಗಳ ನೀರಿನ ಒತ್ತಡದಿಂದಲೇ ತೋಳಿನಡಿಯ ನೂರಾರು ಪುಟ್ಟ ಕಾಲುಗಳು ಚಾಚುತ್ತವೆ, ಹಿಡಿಯುತ್ತವೆ, ನಡೆಯುತ್ತವೆ. ಹೊರಗಿನ ನೀರು ಹೇಗೋ ಒಳಗಿನದೂ ಹಾಗೆ. ಆದುದರಿಂದ ನಕ್ಷತ್ರಮೀನನ್ನು ಸಾಕುವುದೆಂದರೆ ನೀರನ್ನು ಸಾಕುವುದು. ಈ ಮಾತು ನನಗೆ ತಿಳಿದದ್ದು ತಡವಾಗಿ.

ಏಪ್ರಿಲ್ ಬಂತು. ಸೆಕೆಗೆ ನೀರು ಕಾಯಬಾರದೆಂದು ತೊಟ್ಟಿಯ ಮುಚ್ಚಳ ತೆಗೆದು ಫ್ಯಾನು ಹಾಕಿದೆ. ವಾರಕ್ಕೆ ಹತ್ತು ಲೀಟರಿನಷ್ಟು ನೀರು ಇಂಗತೊಡಗಿತು. ಲೀಟರಿಗೆ ೩೫ ಗ್ರಾಂ ಉಪ್ಪೆಂಬ ಪಾಠ ಬಾಯಿಪಾಠವಾಗಿತ್ತಷ್ಟೆ. ಪ್ರತಿ ಸಂಜೆ ಅದೇ ಅಳತೆಯ ಉಪ್ಪುನೀರನ್ನು ನಿಷ್ಠೆಯಿಂದ ಬೆರೆಸಿ ತುಂಬಿದೆ. ಎರಡನೆಯ ವಾರ ಕಳೆಯುವ ಹೊತ್ತಿಗೆ ಅದರ ತೋಳುಗಳು ಬಿಗಿ ಕಳೆದುಕೊಂಡು ಜೋತವು. ಮೈಮೇಲೆ ಬಿಳಿಯ ಮಚ್ಚೆಗಳೆದ್ದವು. ಒಂದು ತೋಳು ಕಳಚಿ ಬಿತ್ತು. ಮೂರನೆಯ ದಿನ ಅದು ಉಳಿಯಲಿಲ್ಲ.

ಮಗಳು ಅಳಲಿಲ್ಲ, ಮಾತೂ ಆಡಲಿಲ್ಲ. ಸುದ್ದಿ ಕೇಳಿ ಬಂದ ಯಜಮಾನರು ತೊಟ್ಟಿಯಂಚಿನಲ್ಲಿ ಕಟ್ಟಿದ್ದ ಬಿಳಿಯ ಪೊರೆಯನ್ನು ಬೆರಳಿನಿಂದ ಸವರಿ ನೋಡಿದರು. “ದಿನಾ ಉಪ್ಪು ಹಾಕಿದ ನೀರೇ ತುಂಬಿಸ್ತಿದ್ರಾ? ಬಿಸಿಲು ನೀರನ್ನ ಕುಡಿತೈತೆ ಮೇಷ್ಟ್ರೇ, ಉಪ್ಪನ್ನ ಕುಡಿಯಲ್ಲ. ನನ್ನ ಬೋರಿನ ಹೊಲ ಸವಳಾಗಿದ್ದೂ ಹಿಂಗೇ,” ಎಂದರು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನೂರು ಲೀಟರಿನಲ್ಲಿ ಮೊದಲು ಇದ್ದ ಉಪ್ಪು ಮೂರೂವರೆ ಕಿಲೋ. ಎರಡು ವಾರದಲ್ಲಿ ಆರಿದ ಇಪ್ಪತ್ತು ಲೀಟರು ಉಪ್ಪನ್ನು ಬಿಟ್ಟೇ ಹೋಗಿತ್ತು. ನಾನು ಅದರ ಮೇಲೆ ೭೦೦ ಗ್ರಾಂ ಸೇರಿಸಿದ್ದೆ. ಲೀಟರಿಗೆ ೩೫ ಇದ್ದದ್ದು ೪೨ ಆಗಿತ್ತು. ಹೊರಗೆ ಉಪ್ಪು ಹೆಚ್ಚಾದಾಗ ಮೈಯೊಳಗಿನ ನೀರು ಹೊರಕ್ಕೆ ಹರಿಯುತ್ತದೆ. ತೋಳುಗಳು ಸಡಿಲಗೊಂಡದ್ದು ಅದರಿಂದಲೇ. ಲೆಕ್ಕ ನೋಡಿದ ಮಗಳು ಒಂದೇ ಮಾತು ಹೇಳಿದಳು: “ಅಪ್ಪ, ಹಾಗಾದರೆ ಅದಕ್ಕೆ ಬಾಯಾರಿತ್ತು.” ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ಎಷ್ಟು ಸಲ ವಿವರಿಸಿದ್ದೇನೋ! ಇಲ್ಲಿ ಉಪ್ಪು ಉಣಿಸಿದವನು ನಾನು.

ನಾನು ಪಾಠ ಹೇಳುವುದು ಮೊಳಕಾಲ್ಮೂರಿನಲ್ಲಿ. ಆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಬಂಡೆಶಾಸನವಿದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ದು ಅದರ ತಾತ್ಪರ್ಯ ಹೇಳುತ್ತೇನೆ: ತಾಯಿತಂದೆಯರಲ್ಲಿ ವಿಧೇಯತೆ, ಜೀವಿಗಳಲ್ಲಿ ದೃಢವಾದ ದಯೆ, ಸತ್ಯ, ಗುರುಗಳಲ್ಲಿ ಗೌರವ. ಆ ವರ್ಷ ‘ದೃಢ’ವೆಂಬಲ್ಲಿಗೆ ಬಂದಾಗ ನನ್ನ ಮಾತು ನಿಂತಿತು. ದಯೆ ನನ್ನಲ್ಲೂ ಇತ್ತು. ದಿನವೂ ಸಂಜೆ ನೀರು ಹೊಯ್ದದ್ದು ದಯೆಯಿಂದಲೇ. ತಿಳಿವಳಿಕೆಯಿಲ್ಲದ್ದರಿಂದ ಅದು ದೃಢವಾಗಿರಲಿಲ್ಲ, ಅಷ್ಟೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಮುನ್ನೂರು ಲೀಟರಿನ ತೊಟ್ಟಿಯನ್ನು ತಂದು, ಕಡಲ ಜೀವಿಗಳಿಗೆಂದೇ ಸಿದ್ಧಪಡಿಸಿದ ಉಪ್ಪಿನ ಮಿಶ್ರಣ ಬೆರೆಸಿ, ನಕ್ಷತ್ರವಿಲ್ಲದೆಯೇ ಆರು ತಿಂಗಳು ನಡೆಸಿದೆವು. ಅಡುಗೆಯ ಉಪ್ಪು ಸಲ್ಲದು. ಕಡಲ ನೀರಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಮೊದಲಾದವು ಅದರಲ್ಲಿ ತಕ್ಕ ಪ್ರಮಾಣದಲ್ಲಿರುವುದಿಲ್ಲ. ಹೊಸ ನೀರೂ ಅಪಾಯವೇ. ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ಮುರಿಯುವ ಸೂಕ್ಷ್ಮಾಣುಗಳು ಮರಳಿನಲ್ಲಿ, ಕಲ್ಲಿನಲ್ಲಿ ನೆಲೆಯೂರಲು ಕಾಲ ಬೇಕು. ಅತಿಥಿ ಬಂದ ದಿನ ಅದರ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಮೂರು ಗಂಟೆ ಬೆರೆಸಿ, ಗಾಳಿಗೆ ಒಡ್ಡದೆ ನೀರಿನೊಳಗೇ ದಾಟಿಸಿದೆವು.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಗಳು ಒಂದು ಗೆರೆ ಎಳೆದಳು. ಇಂಗಿದಷ್ಟಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನು ಮಾತ್ರ, ಗೆರೆ ಮುಟ್ಟುವ ತನಕ, ಸ್ವಲ್ಪಸ್ವಲ್ಪವಾಗಿ ಹೊಯ್ಯಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಇದಕ್ಕೆ ಒಗ್ಗದು. ಶೋಧಿಸಿದ ಕುಡಿಯುವ ನೀರೇ ಬೇಕು. ಅದನ್ನು ತಾಮ್ರದ ಬಿಂದಿಗೆಯಲ್ಲಿಟ್ಟರೆ ಶ್ರೇಷ್ಠವೆಂದು ನಮ್ಮ ತಾಯಿಯವರು ತುಂಬಿಟ್ಟಿದ್ದರು. ಮನುಷ್ಯರಿಗೆ ಒಗ್ಗುವ ಅಷ್ಟು ತಾಮ್ರವೂ ಈ ಜೀವಿಗೆ ವಿಷವೆಂದು ತಿಳಿಸಿ ಅವರನ್ನು ಒಪ್ಪಿಸಬೇಕಾಯಿತು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿಗಳನ್ನೂ ಈ ತೊಟ್ಟಿಗೆ ಸೋಕಿಸಬಾರದು. ಉಷ್ಣತೆ ೨೪ರಿಂದ ೨೬ ಡಿಗ್ರಿ, ಸಾಪೇಕ್ಷ ಸಾಂದ್ರತೆ ೧.೦೨೫, ವಾರಕ್ಕೆರಡು ಸಲ ಹೈಡ್ರೋಮೀಟರು ಇಳಿಬಿಟ್ಟು ನೋಡುತ್ತೇವೆ. ಸಿಗಡಿಯ ತುಣುಕೊಂದನ್ನು ಅದರ ಅಡಿಗಿಟ್ಟರೆ ಜಠರವನ್ನೇ ಬಾಯಿಂದ ಹೊರಚಾಚಿ ಉಣ್ಣುತ್ತದೆ; ಉಂಡು ಬಿಟ್ಟದ್ದನ್ನು ಅಂದೇ ತೆಗೆಯಬೇಕು. ತೋಳುಗಳಲ್ಲಿ ಬಿಗಿ, ಗಾಜನ್ನು ಹಿಡಿದ ಕಾಲುಗಳಲ್ಲಿ ಪಟ್ಟು, ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುವ ಶಕ್ತಿ, ಇವೇ ಅದರ ಆರೋಗ್ಯದ ಗುರುತುಗಳು.

ಎಲ್ಲರೂ ಇದನ್ನು ಸಾಕಿರೆಂದು ನಾನು ಹೇಳಲಾರೆ. ದಿನವೂ ಗೆರೆ ನೋಡುವ ವ್ಯವಧಾನವಿಲ್ಲದವರು ಕಾರವಾರಕ್ಕೋ ಮಲ್ಪೆಗೋ ಹೋಗಿ, ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರನ್ನು ನೋಡಿ, ಕಂಡದ್ದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ತೊಟ್ಟಿಯ ಅಂದಕ್ಕೆಂದು ಹವಳವನ್ನೋ ಕಡಲ ಸೌತೆಯನ್ನೋ ತರುವ ಯೋಚನೆಯಂತೂ ಬೇಡ. ೨೦೦೧ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ.

ಮಗಳೀಗ ಓದಿಗೆಂದು ಪರಊರಿನಲ್ಲಿದ್ದಾಳೆ. ಫೋನು ಮಾಡಿದಾಗ ಮೊದಲು ಕೇಳುವುದು, “ಅಪ್ಪ, ನೀರು ಗೆರೆಗೆ ಸರಿಯಾಗಿದೆಯೆ?” ಎಂದು. ನಾನು ಮೊಳಕಾಲ್ಮೂರಿನಿಂದ ಬರುವುದು ತಡವಾದ ದಿನ ಯಜಮಾನರೇ ಬಂದು ನೋಡಿ ಹೋಗುತ್ತಾರೆ. ನಿನ್ನೆಯೂ ಬಂದಿದ್ದರು. “ಎರಡು ಚೊಂಬು ಹೊಯ್ದೀನಿ ಮೇಷ್ಟ್ರೇ, ಸಪ್ಪೆ ನೀರೇ,” ಎಂದರು.